‘ಹೋಲಿಸ್ಟಿಕ್’ ಪ್ಯಾಕೇಜಿನ ಜಾಹೀರಾತು ತಿದ್ದುವಾಗ ಕೇಳಬೇಕಾದ ಪ್ರಶ್ನೆಗಳು

ಆಸ್ಪತ್ರೆ, ಲ್ಯಾಬು, ವೆಲ್‌ನೆಸ್ ಸೆಂಟರುಗಳ ಜಾಹೀರಾತನ್ನು ಕನ್ನಡದಲ್ಲಿ ಬರೆಯುವವರ, ತಿದ್ದುವವರ ಮೇಜಿಗೆ ‘ಹೋಲಿಸ್ಟಿಕ್’ ಬರದ ವಾರವಿಲ್ಲ. ಹೋಲಿಸ್ಟಿಕ್ ಹೆಲ್ತ್ ಚೆಕಪ್, ಹೋಲಿಸ್ಟಿಕ್ ಡಯಾಬಿಟಿಸ್ ಕೇರ್, ಹೋಲಿಸ್ಟಿಕ್ ಹೇರ್ ಆಯಿಲ್. ಕೆಲಸಕ್ಕೆ ಹೊಸದಾಗಿ ಸೇರಿದವರು ‘ಸಮಗ್ರ’ ಎಂದು ಬರೆದು ಮುಂದಿನ ಸಾಲಿಗೆ ಹೋಗುತ್ತಾರೆ. ಅಲ್ಲೇ ನಿಲ್ಲಬೇಕು. ಓದುವವರು ಆ ಪದವನ್ನು ನಂಬಿ ದುಡ್ಡು ಕೊಡುತ್ತಾರೆ. ಅದು ಹೇಳುವ ಕೆಲಸವನ್ನು ಮಾಡುವವರು ಯಾರು ಎಂದು ಗೊತ್ತಾಗುವ ತನಕ ಪ್ರೂಫ್‌ಗೆ (ಅಚ್ಚಿಗೆ ಮುನ್ನ ನೋಡುವ ಕರಡಿಗೆ) ಸಹಿ ಹಾಕಬಾರದು.

ಪದಕ್ಕೆ ಗಟ್ಟಿಯಾದ ಅರ್ಥವೇ ಇದೆ. ‘ಹೋಲಿಸಂ’ ಎಂಬುದನ್ನು ಚಲಾವಣೆಗೆ ತಂದವರು ದಕ್ಷಿಣ ಆಫ್ರಿಕಾದ ರಾಜಕಾರಣಿ ಯಾನ್ ಸ್ಮಟ್ಸ್, 1926ರ ಪುಸ್ತಕವೊಂದರಲ್ಲಿ. ಗಾಂಧೀಜಿಯವರ ಸತ್ಯಾಗ್ರಹವನ್ನು ಎದುರಿಸಿ, 1914ರಲ್ಲಿ ಅವರ ಜೊತೆ ಒಪ್ಪಂದಕ್ಕೆ ಬಂದ ಸ್ಮಟ್ಸ್ ಇವರೇ. ಗ್ರೀಕಿನ ‘ಹೋಲೋಸ್’ ಎಂದರೆ ಇಡಿಯಾದದ್ದು. ಭಾಗಗಳು ಒಂದರ ಮೇಲೊಂದು ಪರಿಣಾಮ ಬೀರುವುದರಿಂದ ಇಡಿಯನ್ನು ಬಿಡಿಬಿಡಿಯಾಗಿ ನೋಡಿ ಅರಿಯಲಾಗದು ಎಂಬುದು ಅದರ ತಿರುಳು.

ವೈದ್ಯಕೀಯದಲ್ಲಿ ಇದು ಹೇಗೆ ಕಾಣುತ್ತದೆ ಎಂಬುದಕ್ಕೆ ಮಧುಮೇಹಿಯ ಪಾದದ ಹುಣ್ಣನ್ನು ನೋಡಿ. ಅಂಗಾಲಿನ ನರಗಳು ಸ್ಪರ್ಶ ಕಳೆದುಕೊಂಡಿರುತ್ತವೆ, ಆದ್ದರಿಂದ ಚಪ್ಪಲಿ ಉಜ್ಜಿದ್ದು ಗೊತ್ತಾಗುವುದಿಲ್ಲ. ಕಾಲಿನ ರಕ್ತನಾಳ ಕಿರಿದಾಗಿದ್ದರೆ ಗಾಯಕ್ಕೆ ಬೇಕಾದಷ್ಟು ರಕ್ತ ತಲುಪುವುದಿಲ್ಲ. ಸಕ್ಕರೆ ಏರಿದ್ದರೆ ಸೋಂಕು ಬೇಗ ಹಿಡಿಯುತ್ತದೆ, ಸೋಂಕು ಹಿಡಿದರೆ ಸಕ್ಕರೆ ಇನ್ನೂ ಏರುತ್ತದೆ. ಆ ವ್ಯಕ್ತಿ ಹೋಟೆಲಿನಲ್ಲಿ ದಿನವಿಡೀ ನಿಂತು ಬಡಿಸುವವನಾದರೆ, ಎಷ್ಟು ಚೆನ್ನಾಗಿ ಡ್ರೆಸ್ಸಿಂಗ್ ಮಾಡಿದರೂ ಮರುದಿನ ಅದೇ ಜಾಗದ ಮೇಲೆ ಅದೇ ಭಾರ. ಹೀಗಾಗಿ ಸರಿಯಾದ ಕ್ಲಿನಿಕ್ಕಿನಲ್ಲಿ 10 ಗ್ರಾಂ ಮೊನೊಫಿಲಮೆಂಟಿನಿಂದ (ಅಂಗಾಲಿಗೆ ಒತ್ತಿ ನೋಡುವ ನೈಲಾನ್ ಎಳೆ) ಸ್ಪರ್ಶ ನೋಡುತ್ತಾರೆ, ಪಾದದ ನಾಡಿ ಮುಟ್ಟಿ ನೋಡುತ್ತಾರೆ, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಬರೆಯುತ್ತಾರೆ, ಪಾದದ ಮೇಲಿನ ಭಾರ ಇಳಿಸುವ ಪಾದರಕ್ಷೆ ಕೊಡುತ್ತಾರೆ, ಎಷ್ಟು ದಿನ ರಜೆ ಹಾಕಲು ಸಾಧ್ಯ ಎಂದೂ ಕೇಳುತ್ತಾರೆ. ಇಷ್ಟನ್ನೂ ಒಟ್ಟಿಗೆ ಇಟ್ಟು ತೀರ್ಮಾನ ತೆಗೆದುಕೊಳ್ಳುವ ಒಬ್ಬ ವೈದ್ಯರಿರುತ್ತಾರೆ. ಆ ಕೊಂಡಿ ಇದ್ದರೆ ಹೋಲಿಸ್ಟಿಕ್ ಎನ್ನಬಹುದು.

ಹೆಲ್ತ್ ಚೆಕಪ್ ಜಾಹೀರಾತುಗಳಲ್ಲಿ ಕಾಣೆಯಾಗುವುದು ಈ ಕೊಂಡಿಯೇ. ‘ಹೋಲಿಸ್ಟಿಕ್ ಪ್ಯಾಕೇಜ್, 80+ ಪರೀಕ್ಷೆಗಳು’ ಎಂಬ ಸಾಲು ಬಂದರೆ ಮೊದಲು ಪರೀಕ್ಷೆಗಳ ಪೂರ್ತಿ ಪಟ್ಟಿ ತರಿಸಿಕೊಳ್ಳಿ. ಬಹಳಷ್ಟು ಸಲ ಅದು ಮೂರು ಟ್ಯೂಬ್ ರಕ್ತ ಮತ್ತು ಒಂದು ಡಬ್ಬಿ ಮೂತ್ರ. ನೇರಳೆ ಮುಚ್ಚಳದ ಟ್ಯೂಬು ಸಿಬಿಸಿ (ರಕ್ತಕಣಗಳ ಎಣಿಕೆ) ಮತ್ತು ಎಚ್‌ಬಿಎ1ಸಿಗೆ, ಬೂದು ಮುಚ್ಚಳದ್ದು ಸಕ್ಕರೆಗೆ, ಹಳದಿಯದು ಕೊಲೆಸ್ಟರಾಲ್, ಲಿವರ್, ಕಿಡ್ನಿಗೆ. ಸಿಬಿಸಿ ಒಂದೇ ಪರೀಕ್ಷೆ. ಯಂತ್ರ ಒಂದೇ ಸಲಕ್ಕೆ ಸುಮಾರು ಇಪ್ಪತ್ತು ಅಂಕಿ ಕೊಡುತ್ತದೆ, ಜಾಹೀರಾತಿನಲ್ಲಿ ಅವು ಇಪ್ಪತ್ತು ಪರೀಕ್ಷೆಗಳಾಗುತ್ತವೆ. ಲಿವರ್ ಪಟ್ಟಿಯಲ್ಲಿ ಇನ್‌ಡೈರೆಕ್ಟ್ ಬಿಲಿರುಬಿನ್ ಎಂದರೆ ಒಟ್ಟು ಬಿಲಿರುಬಿನ್‌ನಿಂದ ಡೈರೆಕ್ಟ್ ಕಳೆದದ್ದು. ಗ್ಲಾಬ್ಯುಲಿನ್ ಎಂದರೆ ಒಟ್ಟು ಪ್ರೋಟೀನ್‌ನಿಂದ ಆಲ್ಬುಮಿನ್ ಕಳೆದದ್ದು. ಎ/ಜಿ (ಆಲ್ಬುಮಿನ್-ಗ್ಲಾಬ್ಯುಲಿನ್) ಅನುಪಾತ ಬರೀ ಭಾಗಾಕಾರ. ಕೊಲೆಸ್ಟರಾಲ್ ಪಟ್ಟಿಯ ವಿಎಲ್‌ಡಿಎಲ್ ಅನ್ನು ಸಾಮಾನ್ಯವಾಗಿ ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗ ಎಂದು ಲೆಕ್ಕ ಹಾಕಿ ಬರೆಯುತ್ತಾರೆ. ಲೆಕ್ಕದಿಂದ ಬಂದ ಈ ಅಂಕಿಗಳು ವೈದ್ಯರಿಗೆ ಉಪಯೋಗಕ್ಕೆ ಬರುತ್ತವೆ, ಆದರೆ ಅವನ್ನು ಬೇರೆ ಬೇರೆ ಪರೀಕ್ಷೆಗಳೆಂದು ಎಣಿಸಿ ಮಾರುವುದು ಸರಿಯಲ್ಲ.

ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ವರದಿಯ ‘ನಾರ್ಮಲ್ ರೇಂಜ್’ ಎಂಬುದನ್ನು ಸಾಮಾನ್ಯವಾಗಿ ಆರೋಗ್ಯವಂತರಲ್ಲಿ 95 ಶೇಕಡಾ ಜನ ಅದರೊಳಗೆ ಬರುವಂತೆ ಗೊತ್ತುಮಾಡಿರುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿದರೆ, ಪೂರ್ಣ ಆರೋಗ್ಯವಂತನಿಗೂ ಒಂದಾದರೂ ಆ ರೇಂಜಿನ ಹೊರಗೆ ಬಿದ್ದು ವರದಿಯಲ್ಲಿ ದಪ್ಪಕ್ಷರದಲ್ಲಿ ಬರುವ ಸಾಧ್ಯತೆ ಸುಮಾರು 64 ಶೇಕಡಾ. ರಕ್ತಪರೀಕ್ಷೆಗಳು ಒಂದಿಷ್ಟು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ನಿಜದಲ್ಲಿ ಇದು ಕಡಿಮೆಯಿರಬಹುದು, ಆದರೂ ಕಡೆಗಣಿಸುವಷ್ಟು ಸಣ್ಣದಲ್ಲ. ವರದಿ ವಾಟ್ಸ್ಯಾಪಿನಲ್ಲಿ ಪಿಡಿಎಫ್ ಆಗಿ ಬರುತ್ತದೆ, ಓದಿ ಹೇಳುವವರು ಯಾರೂ ಇಲ್ಲ. ಮನೆಯವರು ಗಾಬರಿಯಾಗಿ ಮತ್ತೊಂದು ಸುತ್ತು ಪರೀಕ್ಷೆಗೆ ಓಡುತ್ತಾರೆ. ಇತ್ತ ಬಿಪಿ, ಸೊಂಟದ ಸುತ್ತಳತೆ, ಬೀಡಿ-ಸಿಗರೇಟು, ನಿದ್ದೆ, ಮನೆತನದ ಕಾಯಿಲೆಗಳನ್ನು ಯಾರೂ ಕೇಳಿರುವುದಿಲ್ಲ. ಇವಕ್ಕೆ ಟ್ಯೂಬು ಬೇಡ, ಒಬ್ಬರು ಕೂತು ಮಾತಾಡಿಸಬೇಕು, ಅಷ್ಟೇ.

ಆದ್ದರಿಂದ ಕ್ಲೈಂಟಿಗೆ ಬರೆದು ಕೇಳಿ: ಯಾವ ಯಾವ ಭಾಗಗಳನ್ನು ನೋಡುತ್ತೀರಿ? ಎಲ್ಲವನ್ನೂ ಸೇರಿಸಿ ಓದುವವರ ಹುದ್ದೆ ಏನು, ಎಷ್ಟು ನಿಮಿಷ ಕೊಡುತ್ತಾರೆ? ಒಂದರಲ್ಲಿ ವ್ಯತ್ಯಾಸ ಕಂಡರೆ ಇನ್ನೊಂದರ ಚಿಕಿತ್ಸೆ ಬದಲಾಗುತ್ತದೆಯೇ? ಮೂರನೆಯದಕ್ಕೆ ‘ಹೌದು’ ಎಂದು ಉದಾಹರಣೆಯೊಂದಿಗೆ ಬಂದರೆ ಪದ ಇರಲಿ. ಇಲ್ಲದಿದ್ದರೆ ಪದ ತೆಗೆದು ಇರುವುದನ್ನು ಬರೆಯಿರಿ. ‘ದೇಹ, ಮನಸ್ಸು, ಆತ್ಮಕ್ಕೆ ಹೋಲಿಸ್ಟಿಕ್ ಪ್ಯಾಕೇಜ್’ ಎಂಬುದರ ಜಾಗದಲ್ಲಿ: ‘ರಕ್ತ, ಮೂತ್ರ, ಇಸಿಜಿ, ಬಿಪಿ. ವರದಿ ಬಂದ ದಿನ ಫಿಜಿಷಿಯನ್ ಜೊತೆ 20 ನಿಮಿಷ. ರಾತ್ರಿ ಊಟದ ನಂತರ 10ರಿಂದ 12 ಗಂಟೆ ಏನೂ ತಿನ್ನದೆ ಬನ್ನಿ, ನೀರು ಕುಡಿಯಬಹುದು.’ ಓದುವವನಿಗೆ ತಾನು ದುಡ್ಡು ಕೊಡುತ್ತಿರುವುದು ಯಾವುದಕ್ಕೆ ಎಂದು ತಿಳಿಯುತ್ತದೆ. ಆ 20 ನಿಮಿಷ ಪ್ಯಾಕೇಜಿನಲ್ಲಿ ಇಲ್ಲವೇ ಇಲ್ಲ ಎಂಬುದೂ ಎಷ್ಟೋ ಸಲ ಈ ಸಾಲು ಬರೆಯುವಾಗಲೇ ಹೊರಬೀಳುತ್ತದೆ.

ಕನ್ನಡಕ್ಕೆ ತರುವಾಗ ಇನ್ನೊಂದು ಹಳ್ಳವಿದೆ. ‘ಹೋಲಿಸ್ಟಿಕ್ ಸೊಲ್ಯೂಷನ್ ಫಾರ್ ಡಯಾಬಿಟಿಸ್’ ಎಂಬುದು ಕನ್ನಡದಲ್ಲಿ ಸಲೀಸಾಗಿ ‘ಮಧುಮೇಹಕ್ಕೆ ಸಂಪೂರ್ಣ ಪರಿಹಾರ’ ಆಗಿಬಿಡುತ್ತದೆ. ಇಂಗ್ಲಿಷಿನ ಸಾಲು ಮಸುಕಾಗಿತ್ತು, ಕನ್ನಡದ ಸಾಲು ಕಾಯಿಲೆ ಪೂರ್ತಿ ವಾಸಿಯಾಗುತ್ತದೆ ಎಂದು ಸಾರುತ್ತಿದೆ. ಅದು ಚೂರ್ಣ, ಕಷಾಯ, ಮಾತ್ರೆಯ ಜಾಹೀರಾತಾದರೆ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಎದುರು ನಿಲ್ಲಬೇಕಾಗುತ್ತದೆ. ಅದರ ಪಟ್ಟಿಯಲ್ಲಿರುವ 54 ಕಾಯಿಲೆ, ಸ್ಥಿತಿಗಳಲ್ಲಿ ಮಧುಮೇಹ, ಕ್ಯಾನ್ಸರ್, ರಕ್ತದೊತ್ತಡ, ಬೊಜ್ಜು ಎಲ್ಲವೂ ಇವೆ. ಮೊದಲ ತಪ್ಪಿಗೆ ಆರು ತಿಂಗಳವರೆಗೆ ಸೆರೆ, ದಂಡ ಅಥವಾ ಎರಡೂ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ, ದಾರಿ ತಪ್ಪಿಸುವ ಜಾಹೀರಾತಿಗೆ ತಯಾರಕರಿಗೂ ಪ್ರಚಾರ ಮಾಡಿದವರಿಗೂ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. 2022ರ ಮಾರ್ಗಸೂಚಿಗಳ ವ್ಯಾಪ್ತಿಗೆ ಜಾಹೀರಾತು ಏಜೆನ್ಸಿಗಳೂ ಬರುತ್ತವೆ. ಅನುವಾದ ಮಾಡಿದ್ದು ನಾವಷ್ಟೇ ಎಂಬ ಸಬೂಬಿಗೆ ಅಲ್ಲಿ ಬೆಲೆಯಿಲ್ಲ.

ಆಹಾರದ ಪೊಟ್ಟಣದ್ದು ಬೇರೆ ಕಥೆ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2018ರ ಜಾಹೀರಾತು ನಿಯಮಗಳಲ್ಲಿ ‘ನ್ಯಾಚುರಲ್’, ‘ಫ್ರೆಶ್’, ‘ಪ್ಯೂರ್’ ಎಂಬ ಪದಗಳಿಗೆ ಷರತ್ತುಗಳಿವೆ. ನಾರಿನಂಶ ಹೆಚ್ಚು ಎನ್ನಬೇಕಾದರೆ 100 ಗ್ರಾಮಿಗೆ ಕನಿಷ್ಠ 6 ಗ್ರಾಂ ಅಥವಾ 100 ಕಿಲೋಕ್ಯಾಲರಿಗೆ ಕನಿಷ್ಠ 3 ಗ್ರಾಂ ಇರಬೇಕು. ‘ಹೋಲಿಸ್ಟಿಕ್’ಗೆ ಅಂಥ ಅಳತೆಗೋಲು ಇಲ್ಲ. ಅಮೆರಿಕದ ನಾಯಿ, ಬೆಕ್ಕಿನ ಆಹಾರದಲ್ಲೂ ಹೀಗೇ: ‘ನ್ಯಾಚುರಲ್’ಗೆ ವ್ಯಾಖ್ಯೆಯಿದೆ, ‘ಹೋಲಿಸ್ಟಿಕ್’ಗೆ ಕಾನೂನಿನ ವ್ಯಾಖ್ಯೆ ಇಲ್ಲ. ಅಳತೆ ಇರುವ ಪದಕ್ಕೆ ಲ್ಯಾಬ್ ವರದಿ ತೋರಿಸಬೇಕಾಗುತ್ತದೆ, ಅಳತೆ ಇಲ್ಲದ ಪದಕ್ಕೆ ಆ ಗೋಜಿಲ್ಲ. ಮಾರ್ಕೆಟಿಂಗ್‌ನವರು ಎರಡನೆಯದನ್ನೇ ಆರಿಸುವುದು ಇದರಿಂದಲೇ. ಹಾಗೆಂದು ಅದು ಕಾನೂನಿಗೆ ಹೊರತಲ್ಲ, ಹೇಳಿದ್ದು ನಿಜವಾಗಿರಬೇಕು ಎಂಬ ಸಾಮಾನ್ಯ ನಿಯಮ ಅದಕ್ಕೂ ಅನ್ವಯ.

ಪದವನ್ನು ಉಳಿಸಿಕೊಳ್ಳಲೇಬೇಕಾದ ಜಾಗಗಳೂ ಇವೆ. ಉಪಶಾಮಕ ಆರೈಕೆ (ಪ್ಯಾಲಿಯೇಟಿವ್ ಕೇರ್, ಗಂಭೀರ ಕಾಯಿಲೆಯವರ ನೋವು, ಸಂಕಟ ತಗ್ಗಿಸುವ ಆರೈಕೆ) ಅಂಥದ್ದು. ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೊಫರ್ಸ್ ಹಾಸ್ಪೈಸ್ (ಕೊನೆಯ ದಿನಗಳ ರೋಗಿಗಳ ಆರೈಕೆ ಕೇಂದ್ರ) ತೆರೆದ ಸಿಸೆಲಿ ಸಾಂಡರ್ಸ್, ರೋಗಿಯ ನೋವನ್ನು ದೇಹ, ಮನಸ್ಸು, ಸಂಸಾರ, ನಂಬಿಕೆ ಎಲ್ಲ ಕೂಡಿದ ‘ಒಟ್ಟು ನೋವು’ ಎಂದು ಕರೆದರು. ಮಾರ್ಫಿನ್ ಕೊಟ್ಟೂ ನೋವು ಇಳಿಯದಿದ್ದಾಗ ಡೋಸಿನ ಜೊತೆಗೆ ಸಾಲದ ಚಿಂತೆ, ಮಕ್ಕಳ ಚಿಂತೆಯನ್ನೂ ಕೇಳುವ ತಂಡ ಅಲ್ಲಿರುತ್ತದೆ. ಅಂಥ ಸಂಸ್ಥೆಯ ಕಾಪಿಯಲ್ಲಿ ‘ಸಮಗ್ರ ಆರೈಕೆ’ ಎಂದು ಧೈರ್ಯವಾಗಿ ಬರೆಯಿರಿ, ಮುಂದಿನ ಸಾಲಿನಲ್ಲೇ ವೈದ್ಯರು, ನರ್ಸ್, ಆಪ್ತ ಸಮಾಲೋಚಕರು ವಾರಕ್ಕೆ ಎಷ್ಟು ಸಲ ಮನೆಗೆ ಬರುತ್ತಾರೆ ಎಂದು ಸೇರಿಸಿ.

ಕ್ಲೈಂಟಿನ ಉತ್ತರವನ್ನು ಫೋನಿನಲ್ಲಿ ಕೇಳಿ ಬಿಡಬೇಡಿ. ಮೇಲ್‌ನಲ್ಲಿ, ಉತ್ತರ ಕೊಟ್ಟವರ ಹೆಸರು, ಹುದ್ದೆ, ದಿನಾಂಕದ ಸಮೇತ ತರಿಸಿ ಪ್ರೂಫ್ ಜೊತೆ ಫೈಲಿಗೆ ಸೇರಿಸಿ. ಅಚ್ಚಿಗೆ ಹೋಗುವ ದಿನದವರೆಗೂ ಉತ್ತರ ಬಾರದಿದ್ದರೆ, ಆ ಪದ ಇಲ್ಲದ, ಪಟ್ಟಿಯಲ್ಲಿ ಇರುವುದಷ್ಟನ್ನೇ ಬರೆದ ಪ್ರೂಫಿಗೆ ಒಪ್ಪಿಗೆ ಕೇಳಿ ಕಳಿಸಿ.