ಹೂಗಳ ಕಣಿವೆಗೆ ಹೊರಟಿದ್ದೀರಾ? ಏಜೆಂಟ್ ಕೊಡುವ ತಾರೀಖು ನಂಬಬೇಡಿ

ಉತ್ತರಾಖಂಡದ ಹೂಗಳ ಕಣಿವೆಗೆ ನಮ್ಮ ಕಲಬುರಗಿ ಕಡೆಯಿಂದ ಹೋಗುವವರು ಈಗೀಗ ಜಾಸ್ತಿಯಾಗಿದ್ದಾರೆ. ಕಣಿವೆ ಯಾವ ತಿಂಗಳು ತೆರೆಯುತ್ತದೆ, 1931ರಲ್ಲಿ ಯಾವ ಬ್ರಿಟಿಷ್ ಪರ್ವತಾರೋಹಿ ಅಲ್ಲಿಗೆ ಬಂದಿಳಿದ, ಯುನೆಸ್ಕೋ ಯಾವಾಗ ಪಟ್ಟಿಗೆ ಸೇರಿಸಿತು ಅನ್ನುವುದೆಲ್ಲ ಎಲ್ಲ ಕಡೆ ಸಿಗುತ್ತದೆ, ಅದನ್ನು ಬಿಟ್ಟುಬಿಡುತ್ತೇನೆ. ಎಲ್ಲೂ ಸಿಗದ ಮಾತು ಒಂದಿದೆ. ಹೂ ಬಿಡುವ ತಾರೀಖನ್ನು ಏಜೆಂಟ್ ಬಾಯಿಂದ ಕೇಳಿ ಪೂರ್ತಿ ದುಡ್ಡು ಕಟ್ಟಬೇಡಿ.

ನಮಗೆ ಹೇಳಿದ್ದು ಆಗಸ್ಟ್ 15ರ ವಾರ. ಅದೇ ಪೀಕ್ ಅಂತೆ. ಕಣಿವೆ ತುಂಬ ನೀಲಿ ಗಸಗಸೆ, ಜೊತೆಗೆ ಬ್ರಹ್ಮಕಮಲ ಅಂತ ಬ್ರೋಷರ್‌ನಲ್ಲಿ ಫೋಟೋ ಬೇರೆ. ಪೀಕ್ ಅಂದ ಮೇಲೆ ಕಣಿವೆಯ ಬುಡದಲ್ಲಿ ಉಳಿದುಕೊಳ್ಳುವ ಹಳ್ಳಿ ಘಾಂಘ್ರಿಯಾದ ರೂಮಿಗೂ ಪೀಕ್ ರೇಟ್, ರಾತ್ರಿಗೆ 4,800 ರೂಪಾಯಿ. ಅಷ್ಟು ಕೊಟ್ಟು ಸಿಕ್ಕಿದ್ದು ಏನು ಅಂದ್ರೆ, ಗೋಡೆಯಿಂದ ನೀರು ಒಸರುವ ಒಂದು ಕೋಣೆ. ರಜಾಯಿ ಹಸಿ ಹಸಿ. ಹೀಟರ್ ಇದೆ ಅಂತ ಬರೆದಿದ್ದರು, ಕೋಣೆಯಲ್ಲಿ ಪ್ಲಗ್ ಪಾಯಿಂಟೇ ಇಲ್ಲ. ಕರೆಂಟ್ ಸಂಜೆ ಕೆಲವೇ ತಾಸು. ಬಿಸಿನೀರಿಗೆ ಬಕೆಟ್ ಲೆಕ್ಕದಲ್ಲಿ ಬೇರೆ ದುಡ್ಡು. ಕಿಟಕಿ ತೆಗೆದರೆ ಕೆಳಗೆ ಹೇಸರಗತ್ತೆ ಕಟ್ಟುವ ಜಾಗ, ಹಾಗಾಗಿ ಮುಚ್ಚಿಕೊಂಡೇ ಮಲಗಿದೆವು. ನಮ್ಮ ಕಲಬುರಗಿ ಹಿಂದಿಯಲ್ಲಿ 'ಕೈಕು ಇತ್ತೇ ಪೈಸೆ' ಅಂತ ಜಗಳ ತೆಗೆದೆ. ಮ್ಯಾನೇಜರ್ ನಕ್ಕು 'ಫ್ಲವರ್ ಸೀಸನ್ ಹೈ ಸಾರ್' ಅಂದ. ಮರುದಿನ ಹಿಂದಿನ ಓಣಿಯಲ್ಲಿ ಸುಮ್ನೆ ವಿಚಾರಿಸಿದರೆ ಮರದ ಗೋಡೆಯ, ಒಣಗಿದ ಹಾಸಿಗೆಯ ಕೋಣೆ 1,200ಕ್ಕೆ ಇತ್ತು. ಅಲ್ಲಿದ್ದವರೆಲ್ಲ ಬುಕಿಂಗ್ ಇಲ್ಲದೆ ನಡೆದು ಬಂದವರೇ. ಹಾಗಾಗಿ ವಾರದ ದಿನಗಳಲ್ಲಿ ಹೋಗಿ, ಮಧ್ಯಾಹ್ನದೊಳಗೆ ತಲುಪಿ, ಹಾಸಿಗೆ ಮುಟ್ಟಿ ನೋಡಿ, ಆಮೇಲೆ ದುಡ್ಡು ಕೊಡಿ.

ಇಷ್ಟಾಗಿ ಕಣಿವೆಯಲ್ಲಿ ಏನಿತ್ತು? ಎದೆಯೆತ್ತರಕ್ಕೆ ಬೆಳೆದ ಗುಲಾಬಿ ಬಣ್ಣದ ಕಾಡು ಕರ್ಣಕುಂಡಲ, ಅದರ ಪಕ್ಕದಲ್ಲಿ ಇನ್ನೂ ಎತ್ತರದ ಒಂದು ಹಸಿರು ಗಿಡ. ಚೆನ್ನಾಗಿತ್ತು, ಇಲ್ಲ ಅನ್ನಲ್ಲ. ಆದರೆ ನೀಲಿ ಗಸಗಸೆ ಮುಗಿದೇ ಹೋಗಿತ್ತು. ಬಂಡೆಗಳ ನಡುವೆ ಒಣಗಿದ ಮುಳ್ಳುಮುಳ್ಳು ಕಾಯಿಗಳಷ್ಟೇ ಉಳಿದಿದ್ದವು. ನಮ್ಮ ಜೊತೆ ಬಂದ ಹಿರಿಯ ಗೈಡ್ ಹೇಳಿದ್ದು ಇಷ್ಟು: ಈ ಸಲ ಚಳಿಗಾಲದಲ್ಲಿ ಹಿಮ ಕಡಿಮೆ ಬಿತ್ತು, ಬೇಗ ಕರಗಿತು, ಹೂವೂ ಬೇಗ ಬಂದು ಹೋಯಿತು. ನೀವು ಜುಲೈನಲ್ಲಿ ಬರಬೇಕಿತ್ತು.

ನನ್ನ ಷಡ್ಡಕರು ಯಾದಗಿರಿಯಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವವರು. ಅವರಿಗೆ ಹೂ ಇಲ್ಲದಿದ್ದರೂ ಖುಷಿ, ಕಾಯಿ ಸಿಕ್ಕಿತಲ್ಲ ಅಂತ. ಅವರು ಬಿಡಿಸಿ ಹೇಳಿದ ಮೇಲೆ ನನಗೆ ವಿಷಯ ಅರ್ಥವಾಯಿತು. ಇಷ್ಟು ಎತ್ತರದ ಜಾಗದಲ್ಲಿ ಬೆಳೆಯುವ ಗಿಡಗಳು ಬಹಳಷ್ಟು ಹಿಮ ಸರಿದ ದಿನದಿಂದ ಲೆಕ್ಕ ಶುರುಮಾಡುತ್ತವೆ. ಅಲ್ಲಿಂದ ಎರಡು ಮೂರು ತಿಂಗಳಲ್ಲಿ ಚಿಗುರಿ, ಹೂ ಬಿಟ್ಟು, ಬೀಜ ಕಟ್ಟಿ ಮುಗಿಸಬೇಕು. ಹಿಮ ಬೇಗ ಕರಗಿದರೆ ಒಳ್ಳೆಯದೇ ಅಲ್ವಾ, ಸಮಯ ಜಾಸ್ತಿ ಸಿಗುತ್ತದಲ್ಲ ಅಂತ ನಾನು ಕೇಳಿದೆ. ಹಾಗಲ್ಲವಂತೆ. ಹಿಮ ಅಂದ್ರೆ ಗಿಡಕ್ಕೆ ಹೊದಿಸಿದ ಕೌದಿ. ಹೊರಗೆ ಎಷ್ಟೇ ಚಳಿ ಇದ್ದರೂ ದಪ್ಪ ಹಿಮದ ಅಡಿಯಲ್ಲಿ ನೆಲ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಅದು ಬೇಗ ಸರಿದರೆ ಮೊಗ್ಗು ಬೇಗ ಬರುತ್ತದೆ, ಆಮೇಲೆ ಒಂದು ರಾತ್ರಿ ಗಟ್ಟಿ ಮಂಜು ಬಿದ್ದರೆ ಮೊಗ್ಗೆಲ್ಲ ಸುಟ್ಟಂತಾಗುತ್ತದೆ. ಅಮೆರಿಕದ ಕೊಲರಾಡೋ ಬೆಟ್ಟಗಳಲ್ಲಿ 1970ರ ದಶಕದಿಂದ ಪ್ರತಿ ವರ್ಷ ಅದೇ ಜಾಗಗಳಲ್ಲಿ ಹೂ ಎಣಿಸುತ್ತಾ ಬಂದಿದ್ದಾರೆ. ಹಿಮ ಬೇಗ ಕರಗಿದ ವರ್ಷ ಅಲ್ಲಿ ಕೆಲವು ಗಿಡಗಳು ಹೀಗೇ ಮೊಗ್ಗು ಕಳೆದುಕೊಂಡಿವೆ.

ಆ ಎತ್ತರದ ಹಸಿರು ಗಿಡದ ಬಗ್ಗೆ ಒಂದು ಮಾತು. ಅದು ಪಾಲಿಗೋನಮ್ ಜಾತಿಯದು, ಅಲ್ಲಿಯದೇ ಗಿಡ, ಆದರೆ ಹಬ್ಬಿ ಬೇರೆ ಹೂಗಳ ಜಾಗ ತಿನ್ನುತ್ತಿದೆ. ಅರಣ್ಯ ಇಲಾಖೆಯವರು ಕಿತ್ತು ಹಾಕುತ್ತಲೇ ಇದ್ದಾರೆ. ಇದನ್ನೂ ಹವಾಮಾನದ ತಲೆಗೆ ಕಟ್ಟಲು ನಮ್ಮ ಗುಂಪಿನ ಒಬ್ಬರು ನೋಡಿದರು. ಷಡ್ಡಕರು ಒಪ್ಪಲಿಲ್ಲ. 1982ರಲ್ಲಿ ರಾಷ್ಟ್ರೀಯ ಉದ್ಯಾನ ಆದ ಮೇಲೆ ಕುರಿ ಮೇಯಿಸುವುದು ನಿಂತಿತು, ಮೇಯುವವರಿಲ್ಲದೆ ಇದು ಬೆಳೆಯಿತು ಅನ್ನುವ ವಾದವೂ ಇದೆ. ಎಲ್ಲಕ್ಕೂ ಒಂದೇ ಕಾರಣ ಹುಡುಕಬೇಡಿ ಅಂದರು. ನನಗೂ ಅದು ಸರಿ ಅನ್ನಿಸಿತು.

ಬ್ರಹ್ಮಕಮಲ ಬೇಕಿದ್ದರೆ ಸಿಖ್ಖರ ಯಾತ್ರಾಸ್ಥಳ ಹೇಮಕುಂಡ ಹತ್ತಲೇಬೇಕು. ಅದೇ ಹೆಸರಲ್ಲಿ ನಮ್ಮ ಮನೆ ಕುಂಡದಲ್ಲಿ ರಾತ್ರಿ ಅರಳುವುದು ಮೆಕ್ಸಿಕೋ ಕಡೆಯ ಕಳ್ಳಿ, ಇದು ಬೇರೆಯೇ ಗಿಡ. ಹೇಮಕುಂಡ ಘಾಂಘ್ರಿಯಾದಿಂದ ಆರು ಕಿಲೋಮೀಟರ್, ಪೂರ್ತಿ ಏರು, ಕೊನೆಗೆ 4,000 ಮೀಟರ್‌ಗೂ ಮೇಲೆ. ಕಲಬುರಗಿ ಇರುವುದು ಸುಮಾರು 450 ಮೀಟರ್‌ನಲ್ಲಿ, ಲೆಕ್ಕ ಹಾಕಿಕೊಳ್ಳಿ. ಗುಂಪು ಕಂಡರೆ ನನಗೆ ಆಗಲ್ಲ. ಶರಣಬಸವೇಶ್ವರ ಜಾತ್ರೆಗೂ ನಸುಕಿನಲ್ಲೇ ಹೋಗಿ ಬಂದುಬಿಡುವವನು ನಾನು. ಹಾಗಾಗಿ ಬೆಳಿಗ್ಗೆ ಐದಕ್ಕೇ ಹೊರಟೆವು. ನೀವೂ ಹಾಗೇ ಮಾಡಿ, ಎಂಟರ ಮೇಲೆ ಕುದುರೆ, ಹೇಸರಗತ್ತೆ, ಡೋಲಿ ಎಲ್ಲ ಸೇರಿ ದಾರಿಯಲ್ಲಿ ಕಾಲಿಡಲು ಜಾಗ ಇರಲ್ಲ.

ಮೇಲಿನ ಬಂಡೆಗಳ ಸಂದಿಯಲ್ಲಿ ಬ್ರಹ್ಮಕಮಲ ಸಿಕ್ಕಿತು. ಹೊರಗೆ ಕಾಣುವ ತಿಳಿಹಳದಿ ಪೊರೆಗಳು ನಿಜವಾದ ದಳಗಳಲ್ಲ, ಮಾರ್ಪಟ್ಟ ಎಲೆಗಳು. ಒಳಗಿನ ನೇರಳೆ ಹೂಗಳನ್ನು ಚಳಿಯಿಂದ, ಮಳೆಯಿಂದ ಕಾಯುವುದೇ ಅವುಗಳ ಕೆಲಸ. ಅಲ್ಲಿ ನಿಂತು ನಾನು, ಕೆಳಗೆ ಬಿಸಿಯಾದರೆ ಇವು ಇನ್ನೂ ಮೇಲೆ ಹೋಗ್ತಾವಲ್ರಿ ಅಂದೆ. 'ಎಲ್ಲಿಗ್ರಿ? ಮ್ಯಾಲ ಬರೀ ಕಲ್ಲು, ಅದರ ಮ್ಯಾಲ ಆಕಾಶ' ಅಂದರು ಷಡ್ಡಕರು. 100 ಮೀಟರ್ ಹತ್ತಿದರೆ ಸುಮಾರು ಅರ್ಧ ಡಿಗ್ರಿಗಿಂತ ಸ್ವಲ್ಪ ಜಾಸ್ತಿ ತಂಪು. ಅಂದ್ರೆ ಒಂದು ಡಿಗ್ರಿ ಬಿಸಿ ಏರಿದರೆ ಹಳೆಯ ಚಳಿ ಸಿಗಲು ಗಿಡ ಸುಮಾರು 150ರಿಂದ 180 ಮೀಟರ್ ಮೇಲಕ್ಕೆ ಹೋಗಬೇಕು. ಸಿಕ್ಕಿಂನಲ್ಲಿ ಹುಕರ್ ಅನ್ನುವ ಸಸ್ಯವಿಜ್ಞಾನಿ 1849-50ರಲ್ಲಿ ಯಾವ ಗಿಡ ಎಷ್ಟು ಎತ್ತರದಲ್ಲಿದೆ ಅಂತ ಬರೆದಿಟ್ಟಿದ್ದ. ಅದನ್ನು ಈಗಿನ ಎತ್ತರದ ಜೊತೆ ಹೋಲಿಸಿ ಸಂಶೋಧಕರು 2013ರಲ್ಲಿ ಪ್ರಕಟಿಸಿದರು. ಅಲ್ಲಿ ಮಾತ್ರ ಬೆಳೆಯುವ 124 ಜಾತಿಗಳಲ್ಲಿ 87 ಶೇಕಡಾ ಜಾಗ ಬದಲಿಸಿದ್ದವು. ಯೂರೋಪಿನ 302 ಶಿಖರಗಳ ಲೆಕ್ಕವೂ ಇದೆ. 1957ರಿಂದ 1966ರ ನಡುವೆ ಶಿಖರಗಳಿಗೆ ಹೊಸದಾಗಿ ಸೇರಿದ ಜಾತಿಗಳಿಗಿಂತ 2007ರಿಂದ 2016ರ ನಡುವೆ ಸೇರಿದ್ದು ಐದು ಪಟ್ಟು. ಕೇಳಲು ಚೆನ್ನಾಗಿದೆ, ಹೂ ಜಾಸ್ತಿ ಆಯಿತಲ್ಲ ಅಂತ. ಬಂದವು ಎತ್ತರಕ್ಕೆ ಬೆಳೆಯುವ ಗಿಡಗಳಾದರೆ, ನೆಲಕ್ಕಂಟಿ ಬೆಳೆಯುವ ಹಳೆಯ ಗಿಡಗಳಿಗೆ ಬಿಸಿಲು ಸಿಗಲ್ಲ. ಅವು ತಕ್ಷಣ ಸಾಯುವುದೂ ಇಲ್ಲ, ಬಹಳ ವರ್ಷ ಬದುಕುವ ಗಿಡಗಳು, ನಿಧಾನಕ್ಕೆ ಕಡಿಮೆಯಾಗುತ್ತವೆ.

ಗುರುದ್ವಾರದಲ್ಲಿ ಬಿಸಿ ಖಿಚಡಿ, ಚಹಾ ಕೊಡುತ್ತಾರೆ. ಎಲ್ಲರಿಗೂ ಉಚಿತ. ಅದನ್ನು ಕುಡಿಯುತ್ತಾ ಮಾತು ಉತ್ತರ ಧ್ರುವದ ಕಡೆ ಹೋಯಿತು. ಅಲ್ಲಿ ಗಿಡಗಳು ಉತ್ತರಕ್ಕೆ ಸರಿಯುತ್ತಾ ಹೋದರೆ ಕೊನೆಗೆ ಸಮುದ್ರ. 1990ರಿಂದ ಹಲವು ದೇಶದವರು ಸೇರಿ ಗಿಡಗಳ ಸುತ್ತ ಮೇಲ್ಭಾಗ ತೆರೆದ ಪಾರದರ್ಶಕ ಗೂಡು ಇಟ್ಟು, ಒಂದೆರಡು ಡಿಗ್ರಿ ಬಿಸಿ ಏರಿಸಿ ನೋಡುತ್ತಿದ್ದಾರೆ. ಪೊದೆ, ಹುಲ್ಲು ಎತ್ತರವಾಗುತ್ತವೆ, ಪಾಚಿ ಮತ್ತು ಕಲ್ಲುಹೂ ಕಡಿಮೆಯಾಗುತ್ತವೆ. ಹಿಮಸಾರಂಗ ಚಳಿಗಾಲದಲ್ಲಿ ತಿನ್ನುವುದೇ ಆ ಕಲ್ಲುಹೂ ಜಾತಿಗಳನ್ನು.

ಬದರಿನಾಥಕ್ಕೂ ಹೋಗಿದ್ದೆವು. ಬರೀ ಜನ. ಬರೆಯುವಂಥದ್ದೇನಿಲ್ಲ.

ಬರೆಯಲೇಬೇಕಾದದ್ದು ಜೋಶಿಮಠಕ್ಕೆ ಹೋಗುವ ದಾರಿಯಲ್ಲಿ ಸಿಗುವ ಪೀಪಲ್‌ಕೋಟಿಯ ಒಂದು ಊಟದ ಅಂಗಡಿ. ಹೆಸರಿನ ಬೋರ್ಡೂ ಇಲ್ಲ, ಬಸ್ ನಿಲ್ಲುವ ಜಾಗದಿಂದ ಸ್ವಲ್ಪ ಕೆಳಗೆ, ತಗಡಿನ ಮಾಡು, ನಾಲ್ಕು ಬೆಂಚು. ಗಂಡ ಹೆಂಡತಿ ನಡೆಸುತ್ತಾರೆ. ಮಡುವಾ ರೊಟ್ಟಿ ಅಂದ್ರೆ ರಾಗಿ ರೊಟ್ಟಿ, ಮೇಲೆ ಒಂದು ಚಮಚ ತುಪ್ಪ. ಗಹತ್ ದಾಲ್ ಅಂದ್ರೆ ನಮ್ಮ ಹುರುಳಿ, ಬೆಳ್ಳುಳ್ಳಿ ಒಗ್ಗರಣೆ ಹಾಕಿ ಗಟ್ಟಿಯಾಗಿ ಮಾಡಿದ್ದು. ಆಲೂಗಡ್ಡೆ ಪಲ್ಯಕ್ಕೆ ಸಾಸಿವೆ ಬದಲು ಜಖಿಯಾ ಅನ್ನುವ ಕಪ್ಪು ಬೀಜ. ಕರುಂ ಕರುಂ ಅನ್ನುತ್ತದೆ. ಷಡ್ಡಕರು ಬೀಜ ಅಂಗೈಗೆ ಹಾಕಿಸಿಕೊಂಡು ನೋಡಿ, ಇದು ನಮ್ಮ ತೊಗರಿ ಹೊಲದ ಬದುವಿನಲ್ಲಿ ಹಳದಿ ಹೂ ಬಿಡುವ ಅಂಟು ಕಳೆ ಅಂದರು. ನಾವು ಕಿತ್ತು ಬಿಸಾಡುವುದನ್ನು ಅವರು ಒಗ್ಗರಣೆಗೆ ಹಾಕುತ್ತಾರೆ! ಹೊಟ್ಟೆ ತುಂಬ ತಿಂದು ತಲೆಗೆ 90 ರೂಪಾಯಿ. ನಾವು ಒಯ್ದಿದ್ದ ಶೇಂಗಾ ಚಟ್ನಿಪುಡಿ ಆಕೆಗೆ ರುಚಿ ತೋರಿಸಿದೆವು, ಡಬ್ಬಿಯನ್ನೇ ಇಟ್ಟುಕೊಂಡರು. ಬರುವಾಗಲೂ ಅಲ್ಲೇ ಉಂಡೆವು. ಘಾಂಘ್ರಿಯಾದ ಮಂಚೂರಿ, ಮಸಾಲೆ ದೋಸೆಗೆ ಮರುಳಾಗಬೇಡಿ.

ಹೋಗುವ ದಾರಿ ಸುಲಭ. ಕರ್ನಾಟಕ ಎಕ್ಸ್‌ಪ್ರೆಸ್ ಕಲಬುರಗಿಯಲ್ಲಿ ನಿಲ್ಲುತ್ತದೆ, ಸೀದಾ ದೆಹಲಿ. ಅಲ್ಲಿಂದ ಹರಿದ್ವಾರಕ್ಕೆ ರೈಲು. ಜೋಶಿಮಠದ ಬಸ್ ನಸುಕಿನಲ್ಲೇ ಹಿಡಿಯಬೇಕು, ಗುಡ್ಡದ ರಸ್ತೆಯಲ್ಲಿ ರಾತ್ರಿ ಓಡಿಸಲ್ಲ. ಮಳೆಗಾಲದಲ್ಲಿ ಗುಡ್ಡ ಕುಸಿದು ಗಂಟೆಗಟ್ಟಲೆ ನಿಲ್ಲಿಸುತ್ತಾರೆ, ವಾಪಸ್ ಟಿಕೆಟ್‌ಗೆ ಮುಂಚೆ ಒಂದೆರಡು ದಿನ ಖಾಲಿ ಇಡಿ. ಜೋಶಿಮಠದಿಂದ ಮುಂದಿನ ಗೋವಿಂದಘಾಟ್‌ನಿಂದ ಪುಲ್ನಾವರೆಗೆ ಜೀಪು, ಆಮೇಲೆ ಘಾಂಘ್ರಿಯಾಕ್ಕೆ ನಡಿಗೆ. ಛತ್ರಿ ಬೇಡ, ಉದ್ದನೆ ಪಾಂಚೋ ತಗೊಳ್ಳಿ.

ತಾರೀಖಿಗೆ ಬರೋಣ. ಮೇ ಕೊನೆಯಲ್ಲಿ ಜೋಶಿಮಠದ ಉದ್ಯಾನ ಕಚೇರಿಗೋ ಸ್ಥಳೀಯ ಗೈಡ್‌ಗೋ ಫೋನ್ ಮಾಡಿ, ಕಣಿವೆಯಲ್ಲಿ ಹಿಮ ಎಷ್ಟು ಉಳಿದಿದೆ ಅಂತ ಕೇಳಿ. ಜಾಸ್ತಿ ಇದ್ದರೆ ಜುಲೈ ಕೊನೆ, ಆಗಸ್ಟ್ ಮೊದಲ ವಾರ. ಕಡಿಮೆ ಇದ್ದರೆ ಜುಲೈ ಮಧ್ಯಕ್ಕೇ ಹೊರಡಿ. ಬ್ರಹ್ಮಕಮಲವೇ ಮುಖ್ಯ ಅನ್ನುವವರು ಆಗಸ್ಟ್ ಕೊನೆಗೆ ಹೋಗಿ, ಆಗ ಕಣಿವೆಯ ಆಸೆ ಬಿಡಿ. ಮೊಣಕಾಲು ನೋವಿದ್ದವರಿಗೆ ನನ್ನ ಸಲಹೆ ಚೋಪ್ತಾದಿಂದ ತುಂಗನಾಥ. ನಾಲ್ಕು ಕಿಲೋಮೀಟರ್ ಒಳಗೇ ಎತ್ತರದ ಹುಲ್ಲುಗಾವಲು ಸಿಗುತ್ತದೆ. ಗಢವಾಲ್ ವಿಶ್ವವಿದ್ಯಾಲಯದವರು ಇದೇ ಗಿಡಗಳನ್ನು ಓದುವ ಕೇಂದ್ರವೂ ಅಲ್ಲೇ ದಾರಿಯಲ್ಲಿದೆ. ರೂಮನ್ನು ಮಾತ್ರ ಅಲ್ಲೂ ನೋಡಿಯೇ ಹಿಡಿಯಿರಿ.