ಕಾಲಡಿಯಲ್ಲೇ ಕೈಕೊಟ್ಟ ಕ್ಲಚ್ಚು

ತೀರ್ಥಹಳ್ಳಿಯಿಂದ ಬರ್ತಾ ಮಂಡಗದ್ದೆ ಹತ್ತಿರ ಅಪ್ಪನ ಅಂಬಾಸಿಡರ್‌ನ ಕ್ಲಚ್ ಪೆಡಲ್ ಒತ್ತಿದೆ, ಪಕ್ಕಕ್ಕೆ ವಾಲಿ ಮಲಗಿಬಿಡ್ತು. ಇಂಜಿನ್ ಆಫ್ ಮಾಡಿ, ಫಸ್ಟ್ ಗೇರಿಗೆ ಹಾಕಿ, ಹಾಗೇ ಸ್ಟಾರ್ಟರ್ ಹೊಡೆದರೆ ಗಾಡಿ ಜಗ್ಗುತ್ತಾ ಹೊರಡುತ್ತೆ. ಮುಂದಿನ ಗೇರೆಲ್ಲ ಇಂಜಿನ್ ಸದ್ದು ಕೇಳಿಕೊಂಡೇ ಹಾಕಬೇಕು. ಗಾಜನೂರು ದಾಟುವಷ್ಟರಲ್ಲಿ ಬೆವರು ಕಿತ್ತುಕೊಂಡಿತ್ತು.

ಈ ಗಾಡಿಯ ಪೆಡಲ್ ನೆಲದಡಿಯಿಂದ ಮೇಲೆ ಬರುತ್ತೆ. ಅದು ತಿರುಗೋ ಪಿನ್ನು ಇರೋದೂ ಅಲ್ಲೇ, ನಮ್ಮ ಮಳೆ ಕೆಸರಿನ ಬಾಯಲ್ಲಿ. ಪಿನ್ನು ತುಂಡು, ತೂತು ಸವೆದು ಮೊಟ್ಟೆ ಆಕಾರ. ಗ್ರೀಸ್ ಕಂಡು ಎಷ್ಟು ವರ್ಷವಾಗಿತ್ತೋ, ತಪ್ಪು ನಂದೇ. 2014ಕ್ಕೇ ತಯಾರಿಕೆ ನಿಂತ ಗಾಡಿ, ಪಾರ್ಟು ಸಿಗಲಿಲ್ಲ.

'ವೆಲ್ಡಿಂಗ್ ಹೊಡೆದುಬಿಡಿ' ಅಂದೆ. ಲೇತಿನವರು ನಕ್ಕರು: 'ವೆಲ್ಡ್ ಹೊಡೆದ್ರೆ ತಿರುಗೋದು ಹೆಂಗೆ ಸಾರ್?' ತೂತು ದುಂಡಗೆ ಕೊರೆದು, ಗನ್‌ಮೆಟಲ್ ಬುಷ್, ಅಂದ್ರೆ ಕಂಚಿನ ಬಳೆ, ಕೂರಿಸಿ, ಹೊಸ ಪಿನ್ನು ಕಡೆದು ಕೊಟ್ಟರು. ಗ್ರೀಸಿಗೊಂದು ಸಣ್ಣ ತೂತು ಬೇರೆ.

ಈಗ ಪೆಡಲ್ ಬೆಣ್ಣೆ. ಎರಡು ವರ್ಷದಿಂದ ಎಡಮಂಡಿ ನೋವು ವಯಸ್ಸಿಂದು ಅಂದುಕೊಂಡು ರಾತ್ರಿ ರಾತ್ರಿ ಎಣ್ಣೆ ತಿಕ್ಕಿಕೊಳ್ತಿದ್ದೆ. ಎಣ್ಣೆ ಬೇಕಿದ್ದಿದ್ದು ಮಂಡಿಗಲ್ಲ, ಮಾರಾಯ್ರೆ!

ಅಪ್ಪ ಅಂಗಳದಲ್ಲಿ ನಿಂತ ಗಾಡಿಯೊಳಗೆ ಕೂತು ಸುಮ್ಮನೆ ಕ್ಲಚ್ ಒತ್ತಿ ಒತ್ತಿ ನೋಡ್ತಿದ್ದಾರೆ. ಕಾಫಿ ಆರಿಹೋಗಿದೆ.