ಹಳೇ ಫೋಟೋಗಳೆಲ್ಲ ಬ್ರಿಟಿಷರೇ ತೆಗೆದದ್ದಾ?

ಹಳೆಯ ಫೋಟೋಗಳ ಬಗ್ಗೆ ಬರೆಯುವವರಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ. ಹಂಪಿಯದೋ ಬೇಲೂರಿನದೋ ನೂರೈವತ್ತು ವರ್ಷ ಹಿಂದಿನ ಚಿತ್ರವೊಂದು ವಾಟ್ಸಾಪಿನಲ್ಲಿ ಸುತ್ತಾಡುತ್ತದೆ. ಯಾರೋ ಅದನ್ನು ನನಗೂ ಕಳಿಸಿ ಕೇಳುತ್ತಾರೆ: "ಆ ಕಾಲದ ಫೋಟೋ ಎಲ್ಲ ಬ್ರಿಟಿಷರೇ ತೆಗೆದದ್ದು ಅಲ್ವಾ? ನಮ್ಮವರ ಕೈಯಲ್ಲಿ ಕ್ಯಾಮೆರಾ ಎಲ್ಲಿತ್ತು?"

ಇತ್ತು. ನಾವು ಅಂದುಕೊಂಡಿರುವುದಕ್ಕಿಂತ ತುಂಬಾ ಮುಂಚೆಯೇ ಇತ್ತು. ಆದರೆ ಒಂದೊಂದು ಸಲ ಉತ್ತರ ಕೊಟ್ಟಾಗಲೂ ಮಾತು ಬೆಳೆದು ಗಂಟೆಗಟ್ಟಲೆ ಆಗುತ್ತದೆ. ಅದಕ್ಕೇ ಈಗ ಬರೆದೇ ಬಿಡುತ್ತಿದ್ದೇನೆ.

ಪ್ಯಾರಿಸ್ಸಿನಲ್ಲಿ ದಾಗೇರ್ ಫೋಟೋ ತೆಗೆಯುವ ತನ್ನ ವಿಧಾನವನ್ನು ಜಗತ್ತಿಗೆ ತಿಳಿಸಿದ್ದು 1839ರಲ್ಲಿ. 1840ರಲ್ಲೇ ಕಲ್ಕತ್ತೆಯ ಥ್ಯಾಕರ್ ಅಂಗಡಿಯವರು ಕ್ಯಾಮೆರಾ ಮಾರುತ್ತೇವೆ ಎಂದು ಜಾಹೀರಾತು ಕೊಟ್ಟರು. ರೈಲು ಬರುವುದಕ್ಕಿಂತ ಮೊದಲೇ ಕ್ಯಾಮೆರಾ ಈ ನೆಲಕ್ಕೆ ಬಂದಿಳಿದಿತ್ತು! ಮೊದಮೊದಲು ಅದು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಾಧಿಕಾರಿಗಳ, ವೈದ್ಯರ, ವ್ಯಾಪಾರಿಗಳ ಹವ್ಯಾಸ. 1854ರಲ್ಲಿ ಬೊಂಬಾಯಿಯಲ್ಲಿ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿತು. 1856ರಲ್ಲಿ ಕಲ್ಕತ್ತೆ ಮತ್ತು ಮದ್ರಾಸಿನಲ್ಲೂ ಒಂದೊಂದು ಶುರುವಾಯಿತು.

ಬೊಂಬಾಯಿ ಸೊಸೈಟಿಯಲ್ಲಿ ಡಾ. ಭಾವು ದಾಜಿ ಲಾಡ್ ಇದ್ದರು. ಮುಂಬೈಯ ಬೈಕುಲ್ಲಾದ ಮ್ಯೂಸಿಯಂಗೆ ಈಗ ಇರುವುದು ಅವರದೇ ಹೆಸರು. ಅವರ ಸಹೋದರ ನಾರಾಯಣ ದಾಜಿ ಕೂಡ ವೈದ್ಯರೇ. ಒಳ್ಳೆಯ ಫೋಟೋಗ್ರಾಫರ್ ಕೂಡ. 1855ರಲ್ಲಿ ಎಲ್ಫಿನ್‌ಸ್ಟನ್ ವಿದ್ಯಾಸಂಸ್ಥೆಯಲ್ಲಿ ಫೋಟೋಗ್ರಫಿ ತರಗತಿಯೇ ಶುರುವಾಯಿತು. ಅಲ್ಲಿ ಕಲಿತ ಹರಿಶ್ಚಂದ್ರ ಚಿಂತಾಮಣಿ ಬೊಂಬಾಯಿಯಲ್ಲಿ ಸ್ವಂತ ಸ್ಟುಡಿಯೋ ತೆರೆದರು. ಇದೆಲ್ಲ 1857ಕ್ಕೆ ಮುಂಚಿನ, ಅದರ ಆಸುಪಾಸಿನ ಮಾತು.

ಕಲ್ಕತ್ತೆಯ ಕಥೆ ಇನ್ನೂ ಖಾರವಾಗಿದೆ. ಅಲ್ಲಿನ ಸೊಸೈಟಿಯ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದವರು ದೊಡ್ಡ ವಿದ್ವಾಂಸರಾದ ರಾಜೇಂದ್ರಲಾಲ್ ಮಿತ್ರ. 1857ರಲ್ಲಿ ಅವರು ಒಂದು ಸಾರ್ವಜನಿಕ ಸಭೆಯಲ್ಲಿ ಬಣ್ಣಕ್ಕೆ ಬಳಸುವ ನೀಲಿ ಗಿಡ ಬೆಳೆಸುವ ಬಿಳಿಯ ತೋಟ ಮಾಲೀಕರನ್ನು ಖಂಡಿಸಿ ಮಾತಾಡಿದರು. ಸೊಸೈಟಿಯ ಬಿಳಿಯ ಸದಸ್ಯರಿಗೆ ಉರಿಯಿತು. ಮಿತ್ರರನ್ನು ಹೊರಗೆ ಹಾಕಿದರು. ಫೋಟೋ ತೆಗೆಯುವ ಕ್ಲಬ್ಬಿಗೂ ನೀಲಿ ತೋಟಕ್ಕೂ ಏನು ಸಂಬಂಧ ಅಂತ ನೀವು ಕೇಳಬಹುದು. ಆ ಕಾಲದಲ್ಲಿ ಎಲ್ಲಕ್ಕೂ ಎಲ್ಲದರ ಜೊತೆ ಸಂಬಂಧ ಇತ್ತು.

ಲಖನೌದಲ್ಲಿ ಅಹ್ಮದ್ ಅಲಿ ಖಾನ್ ಅಂತ ಒಬ್ಬರಿದ್ದರು. ದಂಗೆಗೆ ಮುಂಚಿನ ವರ್ಷಗಳಲ್ಲಿ ಅಲ್ಲಿನ ಇಂಗ್ಲಿಷ್ ಅಧಿಕಾರಿಗಳು, ಅವರ ಹೆಂಡಿರು ಮಕ್ಕಳು ಇವರ ಮುಂದೆ ಬಂದು ಕೂತು ಫೋಟೋ ತೆಗೆಸಿಕೊಂಡರು. 1857ರಲ್ಲಿ ಖಾನ್ ಬಂಡಾಯಗಾರರ ಕಡೆ ಸೇರಿದರು. ಅವರು ತೆಗೆದ ಮುಖಗಳಲ್ಲಿ ಕೆಲವರು ಲಖನೌ ಮುತ್ತಿಗೆಯಲ್ಲಿ ಸತ್ತರು. ಆ ಆಲ್ಬಂ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಮರುವರ್ಷ ಅದೇ ಊರಿಗೆ ಫೆಲಿಚೆ ಬಿಯಾತೊ ಎಂಬ ಯುರೋಪಿನ ಫೋಟೋಗ್ರಾಫರ್ ಬಂದ. ಸಿಕಂದರ್ ಬಾಗ್‌ನ ಅಂಗಳದಲ್ಲಿ ಬಂಡಾಯಗಾರರ ಮೂಳೆ, ತಲೆಬುರುಡೆ ಬಿದ್ದಿರುವ ಆ ಪ್ರಸಿದ್ಧ ಚಿತ್ರ ಇವನದು. ಕಾಳಗ ನಡೆದು ತಿಂಗಳುಗಳೇ ಕಳೆದಿದ್ದವು. ಮುಚ್ಚಿದ್ದ ಹೆಣಗಳನ್ನು ಫೋಟೋಗೆ ಅಂತಲೇ ಮತ್ತೆ ತೆಗೆಸಿದ ಎಂದು ಆಗ ಅಲ್ಲಿದ್ದ ಇಂಗ್ಲಿಷ್ ಅಧಿಕಾರಿಯೇ ಬರೆದಿಟ್ಟಿದ್ದಾನೆ. ಶಾಲೆಯ ಪಾಠಪುಸ್ತಕಗಳು ನಮಗೆ ತೋರಿಸಿದ್ದು ಬಿಯಾತೊನ ಚಿತ್ರ. ಖಾನ್ ಹೆಸರನ್ನು ಎಷ್ಟು ಜನ ಕೇಳಿದ್ದೀರಿ?

ಅಂದರೆ ಕ್ಯಾಮೆರಾ ಯಾರ ಕೈಯಲ್ಲಿತ್ತು ಅನ್ನುವುದು ಅರ್ಧ ಪ್ರಶ್ನೆ ಅಷ್ಟೇ. ಆ ಚಿತ್ರವನ್ನು ಯಾರು ಜೋಪಾನ ಮಾಡಿದರು, ಅದರ ಕೆಳಗೆ ಯಾರ ಹೆಸರು ಬರೆದರು ಅನ್ನುವುದು ಉಳಿದರ್ಧ. ನನಗೆ ಕುತೂಹಲ ಇರುವುದು ಆ ಉಳಿದರ್ಧದಲ್ಲಿ.

ನಮ್ಮ ಕಡೆಗೇ ಬರೋಣ. ಲಿನ್ನೇಯಸ್ ಟ್ರೈಪ್ ಎಂಬ ಕಂಪನಿ ಸೈನ್ಯದ ಅಧಿಕಾರಿ 1854ರ ಕೊನೆಯಲ್ಲಿ ಬೇಲೂರು, ಹಳೇಬೀಡಿಗೆ ಹೋಗಿ ಹೊಯ್ಸಳ ಗುಡಿಗಳ ಫೋಟೋ ತೆಗೆದ. ಮುಂದೆ ಮದ್ರಾಸ್ ಸರ್ಕಾರದ ಅಧಿಕೃತ ಫೋಟೋಗ್ರಾಫರ್ ಆದ. ತಂಜಾವೂರಿನ ಬೃಹದೀಶ್ವರ ಗುಡಿಯ ಅಡಿಪಾಯದ ಸುತ್ತ ಇರುವ ಶಾಸನವನ್ನು ತುಂಡು ತುಂಡಾಗಿ ತೆಗೆದು, 21 ಚಿತ್ರ ಅಂಟಿಸಿ, 19 ಅಡಿ ಉದ್ದದ ಒಂದು ಪಟ ಮಾಡಿದ. ಹುಚ್ಚು ಕೆಲಸ, ಅದ್ಭುತ ಕೆಲಸ. ಅವನ ಜೊತೆ ದುಡಿದವರಲ್ಲಿ ಮದ್ರಾಸಿನ ಕಲಾಶಾಲೆಯಲ್ಲಿ ತಯಾರಾದ ಅಯ್ಯಾಸ್ವಾಮಿ ಎಂಬ ನಮ್ಮವರೂ ಇದ್ದರು. ಚಿತ್ರಗಳ ಕೆಳಗೆ ಸಹಿ ಮಾತ್ರ ಟ್ರೈಪ್‌ನದು.

ಆ ಕಾಲದಲ್ಲಿ ಫೋಟೋ ಒಬ್ಬನೇ ಮಾಡುವ ಕೆಲಸ ಆಗಿರಲೇ ಇಲ್ಲ, ಇದನ್ನು ಮರೆಯಬಾರದು. ಗಾಜಿನ ಪ್ಲೇಟಿಗೆ ಕಲೋಡಿಯನ್ ಎಂಬ ಅಂಟು ದ್ರವ ಸವರಿ, ಬೆಳ್ಳಿಯ ದ್ರಾವಣದಲ್ಲಿ ಅದ್ದಿ, ಅದು ಒದ್ದೆ ಇರುವಾಗಲೇ ಫೋಟೋ ತೆಗೆದು, ಒದ್ದೆ ಇರುವಾಗಲೇ ತೊಳೆಯಬೇಕು. ನಮ್ಮ ಬಿಸಿಲಿಗೆ ಅದಕ್ಕೆ ಸಿಗುವುದು ಕೆಲವೇ ನಿಮಿಷ. ಹಾಗಾಗಿ ಡಾರ್ಕ್‌ರೂಮನ್ನೇ ಡೇರೆಯ ರೂಪದಲ್ಲಿ ಹೊತ್ತುಕೊಂಡು ಹೋಗಬೇಕಿತ್ತು. ಹಿಮಾಲಯಕ್ಕೆ ಹೋದ ಸ್ಯಾಮ್ಯುಯೆಲ್ ಬೋರ್ನ್ ಎಂಬ ಇಂಗ್ಲಿಷ್ ಫೋಟೋಗ್ರಾಫರ್ ಜೊತೆ ಹತ್ತಾರು ಕೂಲಿಗಳು ಗಾಜು, ಔಷಧಿ, ಡೇರೆ ಹೊತ್ತು ನಡೆದರು. ಟ್ರೈಪ್‌ನಂಥವರು ಗಾಜಿನ ಬದಲು ಮೇಣ ಸವರಿದ ಕಾಗದ ಬಳಸಿದರು. ಅದನ್ನು ಮೊದಲೇ ತಯಾರು ಮಾಡಿ ಇಟ್ಟುಕೊಳ್ಳಬಹುದಿತ್ತು. ಆದರೂ ನೀರು ತರುವವರು, ತೊಳೆಯುವವರು, ಗಾಡಿ ಹೊಡೆಯುವವರು ಎಲ್ಲ ಬೇಕೇ ಬೇಕು. ಅವರೆಲ್ಲ ಇಲ್ಲಿಯವರೇ. "ಬ್ರಿಟಿಷರು ತೆಗೆದ ಫೋಟೋ" ಅನ್ನುವಾಗ ಇವರನ್ನೂ ಸ್ವಲ್ಪ ನೆನೆಯಿರಿ.

ದುಡ್ಡಿನ ಕಥೆಯೂ ಹೀಗೇ. ಬಿಜಾಪುರ, ಬಾದಾಮಿ, ಐಹೊಳೆ ಕಡೆ ಓಡಾಡಿ ಕಟ್ಟಡಗಳ ಫೋಟೋ ತೆಗೆಯಲು ಕಂಪನಿ ಸರ್ಕಾರ 1855ರಲ್ಲಿ ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿಯನ್ನು ನೇಮಿಸಿತು. ಚಿತ್ರಕಾರರನ್ನು ಕೂರಿಸಿ ಬರೆಸುವುದಕ್ಕಿಂತ ಇದು ಅಗ್ಗ ಅನ್ನುವುದು ಲಂಡನ್ನಿನ ದೊರೆಗಳ ಲೆಕ್ಕ. ಬಿಗ್ಸ್ ನಂತರ ಡಾ. ಪಿಗೌ ಬಂದ. ಇವರ ಚಿತ್ರಗಳನ್ನೆಲ್ಲ ಸೇರಿಸಿ 1866ರಲ್ಲಿ ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ಬಗ್ಗೆ ದೊಡ್ಡ ಪುಸ್ತಕ ಬಂತು. ಅದರ ಖರ್ಚಿಗೆ ಹಣ ಕೊಟ್ಟವರು ಬೊಂಬಾಯಿಯ ಹತ್ತಿ ವ್ಯಾಪಾರಿ ಪ್ರೇಮಚಂದ್ ರಾಯಚಂದ್. ಅಮೆರಿಕದ ಅಂತರ್ಯುದ್ಧದಿಂದ ಹತ್ತಿಗೆ ಬಂಗಾರದ ಬೆಲೆ ಬಂದಿದ್ದ ಕಾಲ ಅದು. ಆ ಹತ್ತಿಯ ದುಡ್ಡಿನಲ್ಲಿ ನಮ್ಮ ಚಾಲುಕ್ಯ, ಹೊಯ್ಸಳ ಗುಡಿಗಳು ಲಂಡನ್ನಿನ ಪುಸ್ತಕದಂಗಡಿ ಸೇರಿದವು. ಧಾರವಾಡ ಸೀಮೆಯ ಹತ್ತಿಯೂ ಅದರಲ್ಲಿ ಇದ್ದೀತು ಅಂತ ನನ್ನ ಊಹೆ.

ಗುಡಿಗಳ ಫೋಟೋದಿಂದ ಯಾರಿಗೂ ನೋವಾಗಲಿಲ್ಲ. ಜನರ ಫೋಟೋಗಳ ಕಥೆಯೇ ಬೇರೆ. ದಂಗೆ ಮುಗಿದ ಮೇಲೆ, ಇಲ್ಲಿಯ ಜನರನ್ನು "ಅರ್ಥ ಮಾಡಿಕೊಳ್ಳಬೇಕು" ಅಂತ ಸರ್ಕಾರಕ್ಕೆ ಅನಿಸಿತು. 1868ರಿಂದ 1875ರವರೆಗೆ ಭಾರತದ ಜನರ ಕುರಿತು 8 ಸಂಪುಟಗಳು ಹೊರಬಂದವು. ಅವುಗಳಲ್ಲಿ 468 ಫೋಟೋಗಳಿವೆ. ಬಹುಪಾಲು ಚಿತ್ರಗಳ ಕೆಳಗೆ ಇರುವುದು ಜಾತಿ, ಬುಡಕಟ್ಟು, ಊರು. ಪಕ್ಕದಲ್ಲಿ ಅವರ ಗುಣದ ವರ್ಣನೆ: ಇವರು ನಂಬಬಹುದಾದವರು, ಇವರು ಕಳ್ಳರು, ಇವರು ಸೋಮಾರಿಗಳು. ಕ್ಯಾಮೆರಾ ಕಣ್ಣಿಗೆ ಕಣ್ಣಿಟ್ಟು ನೋಡುತ್ತಿರುವ ಆ ಮನುಷ್ಯನ ಹೆಸರನ್ನು ಮಾತ್ರ ಯಾರೂ ಬರೆದುಕೊಳ್ಳಲಿಲ್ಲ. ಸರ್ ಸಯ್ಯದ್ ಅಹ್ಮದ್ ಖಾನ್ 1869ರಲ್ಲಿ ಲಂಡನ್ನಿಗೆ ಹೋದಾಗ ಈ ಪುಸ್ತಕ ನೋಡಿ ನಾಚಿಕೆಪಟ್ಟುಕೊಂಡರು. ಅದನ್ನು ತಿರುವಿ ಹಾಕುತ್ತಿದ್ದ ಅವರ ಮಗನನ್ನು ಒಬ್ಬ ಇಂಗ್ಲಿಷ್ ಹುಡುಗ, ನೀನೂ ಹಿಂದೂಸ್ತಾನಿಯಾ ಅಂತ ಕೇಳಿದನಂತೆ. ಹೌದು ಅನ್ನುವಾಗ ಮಗನ ಮುಖ ಕೆಂಪಾಯಿತಂತೆ.

ಅಂಡಮಾನಿನಲ್ಲಿ 1890ರ ದಶಕದಲ್ಲಿ ಪೋರ್ಟ್‌ಮನ್ ಎಂಬ ಅಧಿಕಾರಿ ಅಲ್ಲಿಯ ಜನರನ್ನು ಚೌಕುಳಿ ಗೆರೆಯ ಪರದೆ ಮುಂದೆ ಬತ್ತಲೆ ನಿಲ್ಲಿಸಿ ಫೋಟೋ ತೆಗೆದ. ಚೌಕ ಎಣಿಸಿದರೆ ದೇಹದ ಅಳತೆ ಸಿಗುತ್ತದೆ ಅಂತ.

ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಬರಗಾಲದ ಚಿತ್ರಗಳು. ನಮ್ಮ ಹಿರಿಯರು ಧಾತು ಈಶ್ವರ ಬರ ಅನ್ನುತ್ತಿದ್ದದ್ದು 1876ರಿಂದ 1878ರ ಆ ಮಹಾ ಬರವನ್ನೇ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷ ದಾಟಿತ್ತು, 1881ರ ಜನಗಣತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಅದೇ ಬರದಲ್ಲಿ ಮದ್ರಾಸ್ ಕಡೆ ವಿಲೊಬಿ ಹೂಪರ್ ಎಂಬ ಸೇನಾಧಿಕಾರಿ ಎಲುಬಿನ ಗೂಡಾಗಿದ್ದ ಜನರನ್ನು ಸಾಲಾಗಿ ಜೋಡಿಸಿ, ನಿಲ್ಲಲಾಗದವರನ್ನು ಕೂರಿಸಿ ಫೋಟೋ ತೆಗೆದ. ಫ್ಯಾಮಿಲಿ ಫೋಟೋ ತೆಗೆಯುವಾಗ ಜೋಡಿಸುತ್ತಾರಲ್ಲ, ಹಾಗೆ. ಫೋಟೋ ತೆಗೆದನೇ ಹೊರತು ಅವರಿಗೆ ಕೈಲಾದ ಸಹಾಯ ಮಾಡಲಿಲ್ಲ ಅಂತ ಆಗಲೇ ಟೀಕೆ ಬಂತು. ಇದೇ ಹೂಪರ್ ಮುಂದೆ ಬರ್ಮಾದಲ್ಲಿ ಗುಂಡಿಕ್ಕಿ ಕೊಲ್ಲುವ ಕ್ಷಣವನ್ನು ಹಿಡಿಯಲು ಹೋಗಿ ವಿಚಾರಣೆ ಎದುರಿಸಿದ. ಆದರೆ ಆ ಬರದ ಫೋಟೋಗಳು ಇಂಗ್ಲೆಂಡಿನ ಜನರಿಗೆ ಇಲ್ಲಿಯ ಸ್ಥಿತಿ ತೋರಿಸಿದವು ಅನ್ನುವುದೂ ನಿಜ. ಅವು ಇಲ್ಲದೇ ಇದ್ದಿದ್ದರೆ ಆ ಸಾವುಗಳು ನಮಗೆ ಬರೀ ಅಂಕಿ. ಹೂಪರ್‌ನನ್ನು ಬೈದುಕೊಂಡೇ ನಾನು ಅವನ ಚಿತ್ರಗಳನ್ನು ನೋಡುತ್ತೇನೆ.

ಈಗ ಅದೇ ವರ್ಷಗಳ ಜೈಪುರಕ್ಕೆ ಹೋಗಿ. ಮಹಾರಾಜ ಎರಡನೇ ಸವಾಯಿ ರಾಮಸಿಂಗ್‌ಗೆ ಫೋಟೋ ಹುಚ್ಚು. ತನ್ನ ಫೋಟೋ ತಾನೇ ತೆಗೆದುಕೊಂಡ, ಅದೂ ಶಿವಭಕ್ತನ ವೇಷದಲ್ಲಿ. ಅರಮನೆಯ ಅಂತಃಪುರದ ಹೆಂಗಸರನ್ನು ಕುರ್ಚಿಯ ಮೇಲೆ ಕೂರಿಸಿ ತೆಗೆದ. ಅವರು ಮೈಮುರಿದು ಒರಗಿಲ್ಲ, ಮುಖ ಮುಚ್ಚಿಲ್ಲ, ನೇರ ಕೂತು ಕ್ಯಾಮೆರಾ ನೋಡುತ್ತಿದ್ದಾರೆ. ಆ ಸಂಗ್ರಹದ ಎರಡು ಸಾವಿರದ ಹತ್ತಿರ ಗಾಜಿನ ನೆಗೆಟಿವ್‌ಗಳು ಜೈಪುರದ ಅರಮನೆಯಲ್ಲೇ ಉಳಿದವು. ಉಳಿದದ್ದು ಯಾಕೆ? ಇಟ್ಟುಕೊಳ್ಳಲು ಅರಮನೆ ಇತ್ತು, ಅದಕ್ಕೇ.

ಲಾಲಾ ದೀನ್ ದಯಾಳ್ ಅರಸು ಮನೆತನದವರಲ್ಲ. ರೂರ್ಕಿಯಲ್ಲಿ ಎಂಜಿನಿಯರಿಂಗ್ ಕಲಿತು, ಇಂದೋರಿನಲ್ಲಿ ಸರ್ಕಾರಿ ನಕ್ಷೆಗಾರರಾಗಿದ್ದವರು. 1874ರ ಹೊತ್ತಿಗೆ ಕ್ಯಾಮೆರಾ ಹಿಡಿದರು. ಕೊನೆಗೆ ಹೈದರಾಬಾದಿನ ಆರನೇ ನಿಜಾಮರ ಆಸ್ಥಾನದ ಫೋಟೋಗ್ರಾಫರ್ ಆದರು. ಅವರ ಜಾಣ್ಮೆ ನೋಡಿ: ಪರದೆಯ ಹೆಂಗಸರೂ ಫೋಟೋ ತೆಗೆಸಿಕೊಳ್ಳಲಿ ಅಂತ 1892ರಲ್ಲಿ ಹೆಂಗಸರಿಗೇ ಬೇರೆ ಸ್ಟುಡಿಯೋ ತೆರೆದರು. ಅದನ್ನು ನಡೆಸಿದ್ದೂ ಒಬ್ಬ ಹೆಂಗಸೇ.

ಸಾಮಾನ್ಯರ ಸರದಿ ಬರಲು ಸಮಯ ಹಿಡಿಯಿತು. ಮೊದಲೇ ತಯಾರಿಸಿ ಇಟ್ಟುಕೊಳ್ಳಬಹುದಾದ ಒಣ ಪ್ಲೇಟು ಬಂದು ಕೆಲಸ ಸುಲಭವಾದ ಮೇಲೆ ಊರೂರಿಗೂ ಸ್ಟುಡಿಯೋ ಹುಟ್ಟಿಕೊಂಡವು. ಫೋಟೋ ತೆಗೆಸಿದರೆ ಆಯಸ್ಸು ಕಮ್ಮಿ ಅನ್ನುತ್ತಲೇ ಜನ ಹೋಗಿ ನಿಂತರು. ಹಿಂದೆ ತೂಗುಬಿಟ್ಟ ಪರದೆಯಲ್ಲಿ ಯಾವುದೋ ದೇಶದ ಸರೋವರ, ಪಕ್ಕದಲ್ಲಿ ಮರದ ಸ್ಟೂಲು, ಅದರ ಮೇಲೆ ಹೂಕುಂಡ. ಪ್ರಿಂಟಿನ ಮೇಲೆ ಚಿತ್ರಕಾರ ಬಣ್ಣ ಬಳಿದು, ಕೊನೆಗೆ ಮುಖ ಬಿಟ್ಟರೆ ಫೋಟೋ ಅನ್ನುವ ಗುರುತೇ ಉಳಿಯುತ್ತಿರಲಿಲ್ಲ. ಬದುಕಿದ್ದಾಗ ಒಂದೂ ಫೋಟೋ ತೆಗೆಸದ ಅಜ್ಜಿಯನ್ನು ಸತ್ತ ಮೇಲೆ ಕುರ್ಚಿಗೆ ಕೂರಿಸಿ, ಸುತ್ತ ಮಕ್ಕಳು ಮೊಮ್ಮಕ್ಕಳು ನಿಂತು ತೆಗೆಸಿದ ಫೋಟೋ ನಮ್ಮ ಎಷ್ಟೋ ಮನೆಗಳಲ್ಲಿ ಇತ್ತು. ಇಂದಿನವರು ಮುಖ ಸಿಂಡರಿಸುತ್ತಾರೆ. ನನಗೇನೋ ಆ ಚೌಕುಳಿ ಪರದೆಗಿಂತ ಈ ಕುರ್ಚಿಯೇ ಮೇಲು. ಇಲ್ಲಿ ಕೂತಿರುವವಳು ಯಾರು ಅಂತ ನಿಂತವರಿಗೆಲ್ಲ ಗೊತ್ತು.

ಹೆಸರು ಮರೆಯಾಗುವುದು ಬ್ರಿಟಿಷರ ಕಾಲಕ್ಕೇ ಮುಗಿದದ್ದೂ ಅಲ್ಲ, ಅವರೊಬ್ಬರದೇ ತಪ್ಪೂ ಅಲ್ಲ. ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಹೋಮಾಯ್ ವ್ಯಾರಾವಾಲಾ ಅವರ ಮೊದಮೊದಲ ಚಿತ್ರಗಳು ಅಚ್ಚಾದದ್ದು ಗಂಡನ ಹೆಸರಿನಲ್ಲಿ. ನಮ್ಮ ಮೈಸೂರಿನ ಟಿ. ಎಸ್. ಸತ್ಯನ್ ಅವರಿಗೆ ಹೆಸರು, ಮನ್ನಣೆ ಸಿಕ್ಕಿತು, ಕನ್ನಡದಲ್ಲಿ ತಮ್ಮ ಅನುಭವವನ್ನೂ ಬರೆದರು. ಊರಿನ ಸ್ಟುಡಿಯೋದವರಿಗೆ ಆ ಭಾಗ್ಯ ಇರಲಿಲ್ಲ. ಮಾಲೀಕ ತೀರಿಕೊಂಡರೆ ಗಾಜಿನ ನೆಗೆಟಿವ್‌ಗಳು ಗುಜರಿಗೆ ಹೋದವು. ದೊಡ್ಡವರಿಗೂ ಇದು ತಪ್ಪಲಿಲ್ಲ. ಕಲ್ಕತ್ತೆಯ ಬೋರ್ನ್ ಆಂಡ್ ಶೆಫರ್ಡ್ ಸ್ಟುಡಿಯೋದ ಹಳೆಯ ಸಂಗ್ರಹದಲ್ಲಿ ಹೆಚ್ಚಿನದು 1991ರ ಬೆಂಕಿಯಲ್ಲಿ ಸುಟ್ಟುಹೋಯಿತು. ಅತ್ತ ಬ್ರಿಟಿಷ್ ಲೈಬ್ರರಿಯಲ್ಲಿ, ಬಾಸೆಲ್ ಮಿಷನ್ ಸಂಗ್ರಹದಲ್ಲಿ ಎಲ್ಲಕ್ಕೂ ನಂಬರ್ ಹಾಕಿ ಇಟ್ಟಿದ್ದಾರೆ. ಹುಡುಕಿದರೆ ಸಿಗುವುದು ಅವರದೇ. ಹಾಗಾಗಿ ಎಲ್ಲ ಫೋಟೋ ಅವರೇ ತೆಗೆದಂತೆ ಕಾಣುತ್ತದೆ.

ಹಾಗಂತ ಆ ಚಿತ್ರಗಳನ್ನು ದೂರ ಇಡಬೇಕೆಂದು ನಾನು ಹೇಳುವುದಿಲ್ಲ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಅಧಿಕಾರಿ ಹಂಪಿಯಲ್ಲಿ ತೆಗೆದ ಚಿತ್ರಗಳನ್ನೇ ನೋಡಿ. ನೂರಕ್ಕೂ ಹೆಚ್ಚು ವರ್ಷ ಯಾರ ಕಣ್ಣಿಗೂ ಬೀಳದೆ, 1980ರ ಹೊತ್ತಿಗೆ ಅವುಗಳ ಕಾಗದದ ನೆಗೆಟಿವ್‌ಗಳು ಬೆಳಕಿಗೆ ಬಂದವು. 1983ರಲ್ಲಿ ಜಾನ್ ಗೋಲಿಂಗ್ಸ್ ಎಂಬ ಆಸ್ಟ್ರೇಲಿಯಾದ ಫೋಟೋಗ್ರಾಫರ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಫೋಟೋ ತೆಗೆದರು. ಗ್ರೀನ್‌ಲಾ ಚಿತ್ರದಲ್ಲಿ ವಿಠಲ ಗುಡಿಯ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಗೋಪುರ ಇದೆ. ಈಗ ಇಲ್ಲ. ನಮ್ಮ 50 ರೂಪಾಯಿ ನೋಟಿನ ಮೇಲಿರುವುದು ತಲೆ ಇಲ್ಲದ ರಥ. ಆ ಚಿತ್ರ ಇಲ್ಲದಿದ್ದರೆ ರಥ ಮೊದಲಿನಿಂದಲೂ ಹೀಗೇ ಇತ್ತು ಅಂತ ನಾವು ನಂಬಿಕೊಂಡು ಇರುತ್ತಿದ್ದೆವು.

ಇಷ್ಟು ಕೇಳಿದ ಮೇಲೆ ಕೆಲವರು, "ನಮ್ಮ ಮನೆಯಲ್ಲೂ ಹಳೇ ಫೋಟೋ ಇದೆ, ಏನು ಮಾಡೋದು?" ಅನ್ನುತ್ತಾರೆ. ಮೊದಲು ಹಿಂದೆ ತಿರುಗಿಸಿ, ರಟ್ಟಿನ ಮೇಲೆ ಸ್ಟುಡಿಯೋ ಹೆಸರು, ಊರು ಅಚ್ಚಾಗಿದೆಯಾ ನೋಡಿ. ಅದರದ್ದೂ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಮನೆಯ ಹಿರಿಯರನ್ನು ಕೂರಿಸಿಕೊಂಡು, ಎಡದಿಂದ ಬಲಕ್ಕೆ ಯಾರು ಯಾರು ಅಂತ ಕೇಳಿ. ಫೋಟೋದ ಹಿಂದೆ ಮೆತ್ತನೆಯ ಪೆನ್ಸಿಲ್‌ನಲ್ಲಿ, ಒತ್ತದೆ ಬರೆಯಿರಿ. ಬಾಲ್ ಪೆನ್ ಬೇಡ, ಅದರ ಗುರುತು ಮುಂದಿನ ಕಡೆಗೆ ಮೂಡುತ್ತದೆ. ಲ್ಯಾಮಿನೇಷನ್ನಂತೂ ಮಾಡಿಸಲೇಬೇಡಿ, ಮತ್ತೆ ಬಿಡಿಸಲು ಆಗುವುದಿಲ್ಲ. ಮನೆಕೆಲಸದವರೋ ಗಾಡಿ ಹೊಡೆಯುವವರೋ ಮೂಲೆಯಲ್ಲಿ ನಿಂತಿದ್ದರೆ, ಅವರ ಹೆಸರನ್ನೂ ಕೇಳಿ ಬರೆಯಿರಿ.